ಬಳೆಯ ಕೆಳಗಿನ ರಕ್ತ

ಇದನ್ನು ಬರೆಯಲು ಕೂತು ಎದ್ದದ್ದು ಎಷ್ಟು ಸಲವೋ. ಕಣ್ಣಿಗೆ ಪೊರೆ ಬಂದಿದೆ ಎನ್ನುತ್ತಿದ್ದೆ. ಅದನ್ನು ತೆಗೆಸಿಯೂ ಎರಡು ವರ್ಷವಾಯಿತು.

ಆ ಮುಂಜಾನೆ ದಾಂಡೇಲಿಯ ನಮ್ಮ ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ಹೆಂಡತಿಯ ಬಲಗೈ ಹಿಟ್ಟಿನ ಮೇಲೇ ಉಳಿಯಿತು. ಬಾಯಿ ಸೊಟ್ಟಗಾಯಿತು. ಲಕ್ವಾ ಎಂದು ನನಗೆ ತಿಳಿಯಿತು. ಆಸ್ಪತ್ರೆ ಹತ್ತು ನಿಮಿಷದ ದಾರಿ. ನಾನು ರಿಕ್ಷಾ ಹೊರಡಿಸಿದ್ದು ಹಳಿಯಾಳದ ಕಡೆಯ ಒಂದು ಹಳ್ಳಿಗೆ. ಲಕ್ವಾ ಹೊಡೆದ ಕೈಗೆ ಪಾರಿವಾಳ ಕೊಯ್ದು ಬಿಸಿ ರಕ್ತ ತಿಕ್ಕುವವನೊಬ್ಬ ಅಲ್ಲಿದ್ದ. ನಾವು ಲಿಂಗ ಕಟ್ಟಿದವರು, ಮನೆಯಲ್ಲಿ ತತ್ತಿ ಸಹ ಒಡೆದವರಲ್ಲ. ಅವಳು ಬೇಡವೆಂದು ತಲೆ ಅಲ್ಲಾಡಿಸಿದಳು. ನಾನೇ ಅವಳ ಕೈ ಹಿಡಿದುಕೊಟ್ಟೆ.

ರಕ್ತ ತೊಳೆದು ಅವಳನ್ನು ದಾಂಡೇಲಿಯ ಆಸ್ಪತ್ರೆಗೆ ತಂದಾಗ ಮಧ್ಯಾಹ್ನವಾಗಿತ್ತು. ಅವಳ ತಮ್ಮನೂ ಓಡಿಬಂದಿದ್ದ.

“ಎಷ್ಟೊತ್ತಾತ್ರಿ ಹಿಂಗಾಗಿ?” ಎಂದು ನರ್ಸ್ ಕೇಳಿದಳು.

“ಈಗ, ಅರ್ಧಾ ತಾಸು,” ಎಂದೆ.

ಸಲೈನ್ ಹಚ್ಚಲು ಆಕೆ ಬಳೆ ಸರಿಸಿದಳು. ಕೆಳಗೆ ರಕ್ತ ಒಣಗಿತ್ತು.

“ಇದೇನ್ರಿ ಅಜ್ಜಾರ? ಗಾಯ ಇಲ್ಲ, ರಕ್ತ ಐತಿ. ಅರ್ಧಾ ತಾಸಿನ್ಯಾಗ ಇಷ್ಟ್ ಒಣಗತೈತೇನು? ಖರೇ ಹೇಳ್ರಿ, ಔಷಧ ಕೊಡಾಕ ಟೈಮ್ ಗೊತ್ತಾಗಬೇಕು.”

“ರಕ್ತ ಎಲ್ಲೀದ್ರಿ, ಮಾಮಾ?” ಎಂದ ಹೆಂಡತಿಯ ತಮ್ಮ.

ನಾನು ನರ್ಸ್‌ನ ಕೆನ್ನೆಗೆ ಹೊಡೆದೆ.

ಆಕೆಯ ಕನ್ನಡಕ ಬಿತ್ತು. “ಹಿಂಗ ಆಗಬೇಕಿವ್ರಿಗೆ, ಬಾಳ ಸೊಕ್ಕ ಇವರದು!” ಎಂದು ಪಾಳಿಯಲ್ಲಿ ನಿಂತವನೊಬ್ಬ ಕೂಗಿದ. ನನಗೆ ಬಲ ಬಂತು. ಇಷ್ಟು ಹೊತ್ತಾದರೂ ಯಾರೂ ನೋಡುತ್ತಿಲ್ಲ ಎಂದು ನಾನೂ ಚೀರಾಡಿದೆ. ಆ ಗದ್ದಲದಲ್ಲಿ ರಕ್ತದ ಮಾತು ಮರೆಯಾಯಿತು. ನನಗೆ ಬೇಕಿದ್ದದ್ದೂ ಅದೇ. ಆಕೆ ಕನ್ನಡಕ ಎತ್ತಿಕೊಂಡು ಮತ್ತೆ ನರ ಹುಡುಕತೊಡಗಿದಳು.

ಅಲ್ಲಿಂದ ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಗೆ ಒಯ್ದೆವು; ನಾಲ್ಕನೆಯ ದಿನ ಹೆಂಡತಿ ಅಲ್ಲೇ ತೀರಿಕೊಂಡಳು. ದಾಂಡೇಲಿಯವರು ತಡ ಮಾಡಿದರು ಎಂದು ಅವಳ ತಮ್ಮ ಇಂದಿಗೂ ಅನ್ನುತ್ತಾನೆ. ನಾನು ಸುಮ್ಮನೆ ಕೇಳಿಸಿಕೊಳ್ಳುತ್ತೇನೆ.

ನರ್ಸ್‌ಗೆ ಹೊಡೆದದ್ದಕ್ಕೆ ದಾಂಡೇಲಿ ಆಸ್ಪತ್ರೆಯವರು ಪೊಲೀಸರಿಗೆ ದೂರು ಕೊಟ್ಟಿದ್ದರು; ಓಣಿಯ ಹಿರಿಯರು ರಾಜಿ ಮಾಡಿಸಿದರು. ದೊಡ್ಡ ಡಾಕ್ಟರರ ಕೋಣೆಯಲ್ಲಿ ಕೈಮುಗಿದು ಕ್ಷಮಾಪಣೆಯ ಪತ್ರಕ್ಕೆ ಸಹಿ ಹಾಕಿದೆ. ಡಾಕ್ಟರರು ಚಹಾ ತರಿಸಿದರು. ಪೆಟ್ಟು ತಿಂದವಳನ್ನು ಒಳಗೆ ಕರೆಯಬೇಕೆಂದು ಯಾರಿಗೂ ಹೊಳೆಯಲಿಲ್ಲ. ನನಗೆ ಹೊಳೆದಿತ್ತು, ಆದರೆ ಹೇಳಲಿಲ್ಲ.

ಹೊರಗೆ ಬಂದಾಗ ಆಕೆ ಬಾಗಿಲ ಬಳಿಯೇ ಇದ್ದಳು.

“ಅಮ್ಮಾರು ಈಗ ಹೆಂಗದಾರ್ರಿ?” ಎಂದು ಕೇಳಿದಳು.

ಸತ್ತ ಸುದ್ದಿ ಆಕೆಗೆ ಯಾರೂ ಹೇಳಿರಲಿಲ್ಲ. ನಾನೂ ಹೇಳದೆ ಮೆಟ್ಟಿಲಿಳಿದೆ.

ತಪ್ಪಾಯಿತು ಎಂದು ಡಾಕ್ಟರರಿಗೆ ಹೇಳಿದ್ದೇನೆ, ಪೊಲೀಸರಿಗೆ ಹೇಳಿದ್ದೇನೆ, ಹೆಂಡತಿಯ ಫೋಟೋದ ಮುಂದೆ ದಿನವೂ ಹೇಳುತ್ತೇನೆ. ಹೇಳದೇ ಇರುವುದು ಆ ನರ್ಸ್‌ಗೆ.