ದಾಕ್ಷಾಯಣಿ ತಕ್ಕಡಿಯಲ್ಲಿ ಕೂತದ್ದು

ದಾಕ್ಷಾಯಣಿ ಅಂಗಳಕ್ಕೆ ಕಾಲಿಟ್ಟರೆ ಸಾಕು, ಗಂಡಸರು ಹೊಟ್ಟೆ ಒಳಗೆಳೆದುಕೊಳ್ಳುತ್ತಾರೆ. ನಮ್ಮ ಒಟ್ಟಪ್ಪಾಲದ ಸುತ್ತಮುತ್ತ ಅವಳನ್ನು ಕರೆಯುವುದೇ ತೂಕದ ಟೀಚರ್ ಎಂದು. ಅವಳು ಟೀಚರೂ ಅಲ್ಲ, ನರ್ಸೂ ಅಲ್ಲ. ಜನರ ಆರೋಗ್ಯದ ಬಗ್ಗೆ ವರ್ಷಗಟ್ಟಲೆ ಅಧ್ಯಯನ ನಡೆಸುತ್ತಿರುವ ತ್ರಿಶೂರಿನ ಸಂಸ್ಥೆಯೊಂದಕ್ಕೆ ಮನೆಮನೆ ಸುತ್ತಿ ವಿವರ ತರುವವಳು. ಅವಳ ಹಿಂದೆ ತೂಕದ ಯಂತ್ರ ಹೊತ್ತು ನಡೆಯುವವಳು ನಾನು, ವಿಲಾಸಿನಿ. ಅವಳ ಬಾಯಿಗೆ ಹೆದರದೆ ಇಷ್ಟು ವರ್ಷ ಜೊತೆಗಿರುವವಳು ನಾನೊಬ್ಬಳೇ.

ಇವತ್ತಿನ ತೂಕಕ್ಕೆ ಯಂತ್ರವಿದೆ. ತಲೆನೋವು ಇರುವುದೆಲ್ಲ ಹಳೆಯ ತೂಕದ್ದು. ಇಪ್ಪತ್ತೈದನೇ ವಯಸ್ಸಿನಲ್ಲಿ ಎಷ್ಟಿದ್ದಿರಿ, ಎರಡು ಮೂರು ವರ್ಷದ ಹಿಂದೆ ಎಷ್ಟಿದ್ದಿರಿ ಎಂದು ಸಂಸ್ಥೆಯವರಿಗೆ ತಿಳಿಯಬೇಕು. ಮೈ ಯಾವಾಗ ಏರಿತು, ಯಾವಾಗ ಇಳಿಯಿತು ಎನ್ನುವುದರಲ್ಲಿ ಕಾಯಿಲೆಗಳ ಸುಳಿವು ಇರುತ್ತದಂತೆ. ಆದರೆ ಅದನ್ನೆಲ್ಲ ಯಾರು ನೆನಪಿಟ್ಟುಕೊಳ್ಳುತ್ತಾರೆ ಹೇಳಿ.

"ಆಗ ನಾನು ಎಂಬತ್ತು ಕಿಲೋ. ಮೈಯೆಲ್ಲಾ ಕಬ್ಬಿಣ," ಎಂದರು ಒಬ್ಬ ನಿವೃತ್ತ ಅಂಚೆಯಣ್ಣ.

ಒಳಗಿಂದ ಅವರ ಹೆಂಡತಿ ಕೂಗಿದಳು: "ಕಬ್ಬಿಣ ಅಂತೆ! ಜೋರಾಗಿ ಗಾಳಿ ಬಂದ್ರೆ ಕಂಬ ಹಿಡ್ಕೊಂಡು ನಿಲ್ತಿದ್ರು ಇವ್ರು!"

ಸಂಸ್ಥೆಯವರು ಸಣಕಲಿನಿಂದ ದಪ್ಪದವರೆಗೆ ಆಳುಗಳ ಚಿತ್ರ ಬರೆದ ಹಾಳೆ ಕೊಟ್ಟಿದ್ದರು, ಇದರಲ್ಲಿ ಆಗ ನೀವು ಯಾವುದು ಎಂದು ಕೇಳಿ ಅಂತ. ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಕ್ಕರೇ ಹೊರತು ಬೆರಳಿಡಲಿಲ್ಲ. ಆಗ ದಾಕ್ಷಾಯಣಿ ದಾರಿ ಕಂಡುಕೊಂಡಳು. ನಮ್ಮಲ್ಲಿ ಹರಕೆ ಹೊತ್ತು ತುಲಾಭಾರ ಮಾಡಿಸದವರು ಕಡಿಮೆ. ಬಾಳೆಹಣ್ಣೋ ಬೆಲ್ಲವೋ ಎಷ್ಟು ಕಿಲೋ ಆಯಿತು ಎನ್ನುವುದನ್ನು ಯಾರೂ ಮರೆಯುವುದಿಲ್ಲ. "ತೂಕ ಬೇಡ, ತುಲಾಭಾರ ಹೇಳಿ," ಎಂದು ಕೇಳತೊಡಗಿದಳು. ಉತ್ತರಗಳು ಪಟಪಟ ಬಂದವು. ಅವಳು ಬೀಗಿದಳು. ಎರಡು ದಿನ ನನ್ನ ಜೊತೆ ಮಾತಾಡುವಾಗಲೂ ಗತ್ತು ಬಿಡಲಿಲ್ಲ.

ಆ ಗತ್ತು ಇಳಿದದ್ದು ಪಾರುಕುಟ್ಟಿಯ ಚಹಾದಂಗಡಿಯಲ್ಲಿ. ನಾವೆಲ್ಲ ಚೇಚಿ, ಅಂದರೆ ಅಕ್ಕ, ಎಂದು ಕರೆಯುವ ಪಾರುಕುಟ್ಟಿ ಮದುವೆಯಾದವಳಲ್ಲ. ರೈಲ್ವೆ ಗೇಟಿನ ಪಕ್ಕ ಅಕ್ಕನೂ ಅವಳೂ ಸೇರಿ ಅಂಗಡಿ ನಡೆಸುತ್ತಿದ್ದರು. ಅಕ್ಕ ಒಂದೇ ಸಮನೆ ಬಡಕಲಾಗುತ್ತಾ ಬಂದು ಕ್ಯಾನ್ಸರಿನಲ್ಲಿ ತೀರಿಕೊಂಡ ಮೇಲೆ ಇವಳೊಬ್ಬಳೇ. ಅಕ್ಕನ ಕಾಯಿಲೆಯ ಹೊತ್ತಿಗೆ, ಮೂರು ವರ್ಷದ ಹಿಂದೆ, ಇವಳು ಮಾಡಿಸಿದ ತುಲಾಭಾರಕ್ಕೆ ಅರವತ್ತೊಂದು ಕಿಲೋ ಬೆಲ್ಲವಾಗಿತ್ತು. ಈಗ ನಮ್ಮ ಯಂತ್ರ ಐವತ್ತೆರಡು ತೋರಿಸಿತು.

ದಾಕ್ಷಾಯಣಿಯ ಮುಖ ಸಪ್ಪಗಾಯಿತು. "ಪಾರುಚೇಚಿ, ಒಂಬತ್ತು ಕಿಲೋ ಇಳಿದಿದೀರಿ. ಆಸ್ಪತ್ರೆಗೆ ಹೋಗ್ಬೇಕು."

"ಇಳಿದಿದ್ದು ನಾನಲ್ಲ ಕಣೇ, ಬೆಲ್ಲ," ಎಂದಳು ಪಾರುಕುಟ್ಟಿ ಚಹಾ ಎತ್ತಿ ಹೊಯ್ಯುತ್ತಾ. "ದೇವರಿಗೆ ಯಾರಾದ್ರೂ ಲೆಕ್ಕಕ್ಕೆ ಸರಿಯಾಗಿ ಹಾಕ್ತಾರಾ? ತಟ್ಟೆ ನೆಲಕ್ಕೆ ತಾಗಿದ ಮೇಲೂ ಹಾಕಿಸಿದೀನಿ. ನಿಂಗೆ ಅಷ್ಟೂ ಗೊತ್ತಿಲ್ವಾ?"

ಗೊತ್ತಿಲ್ಲದೆ ಏನು, ನಮಗೆಲ್ಲ ಗೊತ್ತಿದ್ದದ್ದೇ. ದೇವರಿಗೆ ಕಡಿಮೆ ಬೀಳಬಾರದೆಂದು ಎಲ್ಲರೂ ಮೇಲಿಂದ ಹಾಕುವವರೇ. ಅಷ್ಟು ಜನರ ಹಳೆಯ ತೂಕ ಬರೆದುಕೊಳ್ಳುವಾಗ ನಮ್ಮಿಬ್ಬರಿಗೂ ಅದು ಹೊಳೆದಿರಲಿಲ್ಲ, ಅಷ್ಟೇ. ನಾನು ನಗು ತಡೆದುಕೊಂಡೆ. ದಾಕ್ಷಾಯಣಿ ನಗಲಿಲ್ಲ.

ಮರುದಿನ ಹೋದಾಗಲೂ ಪಾರುಕುಟ್ಟಿಯದು ಅದೇ ಮಾತು. ಅದರ ಮರುದಿನ, "ನಿನ್ನ ಬಾಯಿ ಒಂದು ಕಿಲೋ ಇಳಿದ್ರೆ ಊರಿಗೇ ಒಳ್ಳೇದು, ಮೊದ್ಲು ನೀನು ಹೋಗು ಆಸ್ಪತ್ರೆಗೆ," ಎಂದು ಗಿರಾಕಿಗಳ ಮುಂದೆ ಹಂಗಿಸಿದಳು. ದಾಕ್ಷಾಯಣಿ ಚಹಾ ಅರ್ಧಕ್ಕೇ ಬಿಟ್ಟು ಎದ್ದಳು.

"ವಿಲಾಸಿನೀ, ಎಷ್ಟು ಹೆಚ್ಚಿಗೆ ಬೀಳುತ್ತೆ ಅಂತ ತೂಗಿಯೇ ನೋಡ್ತೀನಿ. ಎರಡು ಮೂರು ಕಿಲೋ ಅಂತ ಗೊತ್ತಾದ್ರೆ, ಉಳಿದ ಆರು ಕಿಲೋ ಎಲ್ಲಿ ಹೋಯ್ತು ಅಂತ ಕೇಳಿ ಅವಳ ಬಾಯಿ ಮುಚ್ಚಿಸ್ಬಹುದು."

ಬೆಳಗ್ಗೆ ನಮ್ಮ ಯಂತ್ರದ ಮೇಲೆ ನಿಂತಳು. ಅರವತ್ತೆಂಟು. ಅಲ್ಲಿಂದ ನೇರ ದೇವಸ್ಥಾನಕ್ಕೆ ಹೋಗಿ ತುಲಾಭಾರದ ತಟ್ಟೆಯಲ್ಲಿ ಕಾಲು ಮಡಚಿ ಕೂತಳು. ತಕ್ಕಡಿ ನೋಡಿಕೊಳ್ಳುವ ಶೇಖರ ವಾರಿಯರ್ ಎದುರಿನ ತಟ್ಟೆಗೆ ಬಾಳೆಹಣ್ಣಿನ ಚಿಪ್ಪುಗಳನ್ನು ಪೇರಿಸತೊಡಗಿದರು.

"ಯಾರ ಹೆಸರಲ್ಲಿ ಹರಕೆ?" ಎಂದು ಕೇಳಿದರು.

ಇದನ್ನು ಅವಳು ಯೋಚಿಸಿಯೇ ಇರಲಿಲ್ಲ. ನನ್ನ ಮುಖ ನೋಡಿದಳು.

"ಪಾರುಕುಟ್ಟಿ," ಎಂದಳು ಮೆಲ್ಲಗೆ. "ಪಾರುಕುಟ್ಟಿಯ ಆರೋಗ್ಯಕ್ಕೆ."

ತಕ್ಕಡಿ ಸಮವಾಯಿತು. ವಾರಿಯರ್ ಇನ್ನೊಂದು ಚಿಪ್ಪು ಇಟ್ಟರು. ದಾಕ್ಷಾಯಣಿ ಕೂತ ತಟ್ಟೆ ಮೇಲೇರಿತು, ಎದುರಿನ ತಟ್ಟೆ ನೆಲಕ್ಕೆ ತಾಗಿತು. "ಸಾಕಲ್ಲ?" ಎಂದರು ಅವರು ಕೈ ಒರೆಸಿಕೊಳ್ಳುತ್ತಾ. ನಮ್ಮ ಕೆಲಸವೂ ಅಲ್ಲಿಗೆ ಮುಗಿದಿತ್ತು. ಅವರು ಮಾಮೂಲಾಗಿ ಎಷ್ಟು ಹೆಚ್ಚಿಗೆ ಹಾಕುತ್ತಾರೆ ಎನ್ನುವುದೇ ನಮಗೆ ಬೇಕಾಗಿದ್ದದ್ದು.

"ಇನ್ನೊಂದು ಹಾಕಿ ವಾರಿಯರೇ," ಎಂದಳು ದಾಕ್ಷಾಯಣಿ.

ಹಾಕಿದರು.

"ಇನ್ನೂ ಒಂದು. ಆ ದೊಡ್ಡ ಚಿಪ್ಪು ಹಾಕಿ."

ನನಗೆ ಮೈಯೆಲ್ಲ ಉರಿಯಿತು. ಹೊರಗೆ ಬಂದವಳೇ, "ಬುದ್ಧಿ ಇದೆಯೇನೇ ನಿಂಗೆ? ಅಳೆಯೋಕೆ ಬಂದು ನೀನೇ ಕೆಡಿಸಿದ್ಯಲ್ಲ! ಈಗ ಯಾವ ಲೆಕ್ಕ ಹಿಡ್ಕೊಂಡು ಹೋಗ್ತೀಯಾ?" ಎಂದು ರೇಗಿದೆ.

"ಅವಳ ಹೆಸರು ಹೇಳಿದ ಮೇಲೆ ಸಾಕು ಅನ್ನೋಕೆ ಬಾಯೇ ಬರ್ಲಿಲ್ಲ ಕಣೇ," ಎಂದಳು. ಅವಳ ಕಣ್ಣು ತುಂಬಿತ್ತು.

ಪಾರುಕುಟ್ಟಿಯ ಅಂಗಡಿಗೆ ಹೋದಾಗ ಗಿರಾಕಿಗಳಿರಲಿಲ್ಲ. ದಾಕ್ಷಾಯಣಿ ನಡೆದದ್ದನ್ನೆಲ್ಲ ಮುಚ್ಚುಮರೆಯಿಲ್ಲದೆ ಹೇಳಿದಳು. "ನೀವು ಹೇಳೋದು ಸುಳ್ಳು ಅಂತ ತೋರಿಸೋಕೆ ಹೋಗಿದ್ದೆ ಚೇಚಿ. ಆಗ್ಲಿಲ್ಲ. ಒಂಬತ್ತೋ ಆರೋ ಮೂರೋ, ನಂಗೆ ಗೊತ್ತಿಲ್ಲ. ನಂಗೆ ಭಯ ಆಗ್ತಿದೆ. ನಿದ್ದೆ ಬರ್ತಿಲ್ಲ. ನಂಗೋಸ್ಕರ ಬನ್ನಿ."

ಪಾರುಕುಟ್ಟಿ ಹಂಗಿಸಲಿಲ್ಲ. ಒಲೆ ಆರಿಸಿದಳು, ಹಾಲಿನ ಪಾತ್ರೆ ಮುಚ್ಚಿದಳು, ಒಳಗೆ ಹೋಗಿ ಒಗೆದ ಮುಂಡು ಉಟ್ಟು ಬಂದಳು. ಬಸ್ಸಿನಲ್ಲಿ ಕಿಟಕಿಯತ್ತ ಮುಖ ಮಾಡಿಕೊಂಡು, "ರವಿಕೆಗಳನ್ನೆಲ್ಲ ಎರಡು ಸಲ ಹಿಡಿದು ಹೊಲಿದಿದೀನಿ," ಎಂದಳು. "ಅಕ್ಕಂದೂ ಹಿಂಗೇ ಶುರುವಾಗಿದ್ದು. ಆಸ್ಪತ್ರೆಯವರ ಬಾಯಲ್ಲಿ ಅದನ್ನ ಕೇಳೋ ಧೈರ್ಯ ಇರ್ಲಿಲ್ಲ."

ಬೇರೆಬೇರೆ ಪರೀಕ್ಷೆಗಳು ಮುಗಿಯಲು ಒಂದು ವಾರ ಹಿಡಿಯಿತು. ಅಷ್ಟೂ ದಿನ ಅಂಗಡಿಯನ್ನು ದಾಕ್ಷಾಯಣಿಯ ಗಂಡ ನೋಡಿಕೊಂಡ, ಅವನ ಚಹಾ ಕುಡಿದು ಊರೇ ಬೈದುಕೊಂಡಿತು. ಕೊನೆಗೆ ಡಾಕ್ಟರು ಕರೆದು, ಇದು ಕ್ಯಾನ್ಸರ್ ಅಲ್ಲ, ಸಕ್ಕರೆ ಕಾಯಿಲೆ ವಿಪರೀತ ಏರಿದೆ, ಬಿಟ್ಟಿದ್ದರೆ ಜೀವಕ್ಕೇ ಬರುತ್ತಿತ್ತು, ಇಂಜೆಕ್ಷನ್ ತೆಗೆದುಕೊಂಡರೆ ಹತೋಟಿಗೆ ಬರುತ್ತದೆ ಎಂದರು.

ದಾಕ್ಷಾಯಣಿ ಅಲ್ಲೇ ಬೆಂಚಿನ ಮೇಲೆ ಕುಸಿದು ಕೂತು ಹೋ ಎಂದು ಅತ್ತಳು. ಪಾರುಕುಟ್ಟಿ ಅವಳ ಬೆನ್ನು ಸವರುತ್ತಾ ನಿಂತಳು.

"ಅಳ್ಬೇಡ ಕಣೇ, ನಂಗೇನೂ ಆಗಿಲ್ಲ," ಎಂದಳು. ಆಮೇಲೆ ನನ್ನ ಕಡೆ ತಿರುಗಿದಳು. "ಅಕ್ಕ ಹೋದ ಮೇಲೆ ನಂಗೋಸ್ಕರ ಹೆದರೋರು ಇನ್ಯಾರೂ ಇಲ್ಲ ಅಂದ್ಕೊಂಡಿದ್ದೆ, ವಿಲಾಸಿನೀ."