ಹಾನಗಲ್ ಮೇಲೆ ಹಾಯ್ದು ಹೋದ ಫೋನು

ಅದು 1984ರ ಮಳೆಗಾಲ. ಅಕ್ಕ ಹೆರಿಗೆಗೆಂದು ಹಿರೇಕೆರೂರಿನ ಆಸ್ಪತ್ರೆ ಸೇರಿದ್ದಳು. ಮುಂಜಾನೆಯೇ ರಕ್ತ ಹೋಗಲು ಶುರುವಾಯಿತು. "ಸಂಜೆಯೊಳಗ ಹುಬ್ಬಳ್ಳಿಯಿಂದ ರಕ್ತ ತರಸ್ರಿ, ಇಲ್ಲಾಂದ್ರ ತಾಯಿ ಉಳಿಯೂದು ಕಷ್ಟ" ಎಂದರು ಡಾಕ್ಟರು. ಭಾವ ಹುಬ್ಬಳ್ಳಿಯ ಬಟ್ಟೆ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದರು. ಅವ್ವನನ್ನು ಅಕ್ಕನ ಹತ್ತಿರ ಬಿಟ್ಟು, ಎದ್ದೆನೋ ಬಿದ್ದೆನೋ ಎಂದು ಟೆಲಿಫೋನ್ ಕಚೇರಿಗೆ ಓಡಿದೆ.

ಆಪರೇಟರು ಬೋರ್ಡಿಗೆ ತಂತಿ ಚುಚ್ಚಿ ನೋಡಿ ತಲೆ ಅಲ್ಲಾಡಿಸಿದರು. "ಹಾವೇರಿ ಲೈನ್ ಬಿದ್ದೈತಿ ತಂಗಿ. ಹುಬ್ಬಳ್ಳಿಗೆ ನಾವು ಹಾಕೂದು ಅದರ ಮ್ಯಾಲೇ."

ಅಲ್ಲೇ ಅತ್ತುಬಿಟ್ಟೆ.

"ಅಳಬ್ಯಾಡ. ತಡಿ, ಹಾನಗಲ್ ಮ್ಯಾಲೆ ಹಾಯಿಸಿ ನೋಡೂಣು."

ಹಾನಗಲ್ಲಿನ ಆಪರೇಟರ್ ಒಬ್ಬ ಹೆಣ್ಣುಮಗಳು. "ನಮ್ಮಿಂದ ಹುಬ್ಬಳ್ಳಿ ಇಲ್ರಿ. ಶಿಗ್ಗಾಂವಿ ಕೊಡ್ತೇನಿ, ಅವರನ್ನ ಕೇಳ್ರಿ" ಎಂದಳು. ಶಿಗ್ಗಾಂವಿಯವರು ಹುಬ್ಬಳ್ಳಿ ಕೊಟ್ಟರು. ಒಬ್ಬೊಬ್ಬರಿಗೂ ಮುಂದಿನ ಊರಿನ ದಾರಿಯಷ್ಟೇ ಗೊತ್ತು, ಆದರೂ ಭಾವ ಸಿಕ್ಕರು. ಆದರೆ ಅಷ್ಟು ಊರು ದಾಟುವಷ್ಟರಲ್ಲಿ ನನ್ನ ದನಿ ಸೋತುಹೋಗುತ್ತಿತ್ತು. ಎಷ್ಟು ಕಿರುಚಿದರೂ ಅವರಿಗೆ ಕೇಳಿಸದು.

"ಅಕ್ಕಾರ, ನನಗ ಹೇಳ್ರಿ, ನಾ ದಾಟಸ್ತೇನಿ" ಎಂದು ಹಾನಗಲ್ಲಿನಾಕೆ ನಡುವೆ ಬಂದಳು. ನಾನು ಅವಳಿಗೆ, ಅವಳು ಶಿಗ್ಗಾಂವಿಗೆ, ಶಿಗ್ಗಾಂವಿಯವರು ಭಾವನಿಗೆ. ರಕ್ತದ ಗುಂಪನ್ನು ಭಾವನ ಬಾಯಿಂದ ತಿರುಗಿ ಹೇಳಿಸಿಕೊಂಡ ಮೇಲೆಯೇ ಲೈನು ಬಿಟ್ಟರು.

ಸಂಜೆ ಭಾವ ಬಾಟಲಿ ಹಿಡಿದು ಬಸ್ಸಿಳಿದರು. ಅಕ್ಕ ಉಳಿದಳು. ಕೂಸೂ ಉಳಿಯಿತು.

ಮರುದಿನ ಪೇಢೆ ಹಿಡಿದು ಕಚೇರಿಗೆ ಹೋದೆ. "ನನಗಷ್ಟ ಹೇಳಿದ್ರ ಆಗೂದಿಲ್ಲ ತಂಗಿ, ಮುಂಜಾನಿಂದ ಹಾನಗಲ್ದಾಕಿ ಕೂಸು ಹೆಂಗೈತಿ ಅಂತ ನನ್ನ ತಲಿ ತಿನ್ನಾಕತ್ತಾಳ" ಎಂದು ನಗುತ್ತ ಆಪರೇಟರು ಫೋನು ಕೈಗಿಟ್ಟರು.

"ಹೆಣ್ಣು ಹುಟ್ಟೈತ್ರಿ, ಇಬ್ಬರೂ ಆರಾಮ ಅದಾರ" ಎಂದೆ.

ಅವಳು ಅಲ್ಲಿಂದಲೇ ಮುಂದಕ್ಕೆ ಕೂಗಿದಳು: "ಶಿಗ್ಗಾಂವಿ, ಕೇಳಿದ್ರೇನ್ರಿ? ಇಬ್ಬರೂ ಆರಾಮ!"

ಮುಂದೆ ನಾನು ಕಂಪ್ಯೂಟರ್ ಪಾಠ ಹೇಳುವವಳಾದೆ. ಕಂಪ್ಯೂಟರನ್ನು ನಡೆಸುವ ಕರ್ನೆಲ್ ಎಂಬ ಮೂಲ ತಂತ್ರಾಂಶ ತನ್ನೊಳಗೆ ಒಂದು ದಾರಿಪಟ್ಟಿ ಇಟ್ಟುಕೊಂಡಿರುತ್ತದೆ. ಇಂಥ ವಿಳಾಸಕ್ಕೆ ಸುದ್ದಿ ಮುಟ್ಟಬೇಕಾದರೆ ಮುಂದೆ ಯಾರ ಕೈಗೆ ಕೊಡಬೇಕು ಎಂಬುದಷ್ಟೇ ಅದರಲ್ಲಿರುತ್ತದೆ. ಒಂದು ದಾರಿ ಕಡಿದರೆ ಆ ಸಾಲು ತೆಗೆದು, ಬೇರೆ ದಾರಿಯ ಸಾಲು ಸೇರಿಸಿಕೊಳ್ಳಬಲ್ಲದು. ಇದನ್ನು ಹೇಳುವಾಗಲೆಲ್ಲ ಬೋರ್ಡಿನ ಮೇಲೆ ನಮ್ಮ ಊರುಗಳನ್ನೇ ಬರೆಯುತ್ತೇನೆ. ಕರ್ನೆಲ್ ತನ್ನ ಕೆಲಸ ಚೊಕ್ಕವಾಗಿಯೇ ಮಾಡುತ್ತದೆ. ಕೂಸು ಹೆಂಗೈತಿ ಎಂದು ಮಾತ್ರ ಮರುದಿನ ಕೇಳುವುದಿಲ್ಲ.

ಹಾನಗಲ್ಲಿನ ಆ ಹೆಣ್ಣುಮಗಳ ಮುಖವನ್ನು ನಾನು ನೋಡಲೇ ಇಲ್ಲ. ಎಲ್ಲೇ ಇರಲಿ, ಅವಳ ಹೊಟ್ಟೆ ತಣ್ಣಗಿರಲಿ.