ಬೆಳಕಿಂಡಿಯ ಹಂಚಿನ ಚೂರು

ಮಧ್ಯಾಹ್ನ ಮೂರೂ ಇಪ್ಪತ್ತು. ಹೋದ ಸೋಮವಾರ ಅಕ್ಕನ ಹೊಸ ಮನೆಯಲ್ಲಿ ಚಹಾ ಕುಡಿಯುತ್ತಿದ್ದಾಗ, ಬಾಣಂತಿ ಕೋಣೆಯಿಂದ ಕೆಂಡದ ಮೇಲೆ ಉದುರಿಸಿದ ಅಜವಾನದ ವಾಸನೆ ಬಂತು. ಕಪ್ಪು ಅಲ್ಲೇ ಬಿಟ್ಟು ಓಡಿದೆ. ಬಾಗಿಲು, ಕಿಟಕಿ ಎಲ್ಲ ತೆಗೆದೆ.

"ಮಾಮಾ, ಕೂಸಿಗೆ ಥಂಡಿ ಆಗ್ತದರಿ!" ಎಂದು ನಕ್ಕಳು ಒಳಗೆ ಮಲಗಿದ್ದ ಬಾಣಂತಿ, ಅಕ್ಕನ ಮಗಳು.

ನಗಲಿ ಬಿಡಿ. ಇದೇ ಹೊತ್ತಿಗೆ ಒಮ್ಮೆ ಅವಳೇ ಹನ್ನೊಂದು ದಿನದ ಕೂಸಾಗಿದ್ದಳು.

ಸಂಶಿಯ ನಮ್ಮ ಹಳೆಯ ಮನೆಗೆ ಮಣ್ಣಿನ ಮಾಳಿಗೆಯೇ ಛಾವಣಿ. ಕಿಟಕಿಯಿಲ್ಲದ ನಡುಕೋಣೆಗೆ ಮಾಳಿಗೆಯಲ್ಲೊಂದು ಬೆಳಕಿಂಡಿ. ಅದರೊಳಗಿಂದ ಬಿಸಿಲು ಕೋಲಾಗಿ ಇಳಿಯುತ್ತಿತ್ತು. ಹೊಗೆ ಆ ಕೋಲು ಹಿಡಿದೇ ಮೇಲೇರುತ್ತಿತ್ತು. ಮಳೆಗಾಲದಲ್ಲಿ ಅದಕ್ಕೆ ತಗಡಿನ ಮುಚ್ಚಳ. ಆಯಿ, ಅಂದರೆ ನಮ್ಮ ಅಜ್ಜಿ, ಮುಚ್ಚಳದ ಅಂಚಿಗೆ, ಸಂದಿ ಉಳಿಯುವಂತೆ, ಹಂಚಿನ ಚೂರೊಂದನ್ನು ಸಿಕ್ಕಿಸದೆ ಬಿಡುತ್ತಿರಲಿಲ್ಲ. "ಮನಿಗೂ ಮೂಗು ಬೇಕಲೇ," ಎನ್ನುತ್ತಿದ್ದಳು.

ಆ ಶ್ರಾವಣದಲ್ಲಿ ಜಿಟಿಜಿಟಿ ಮಳೆ. ಬಾಣಂತಿ ಅಕ್ಕನ ಹೊರಸಿನ ಕೆಳಗೆ ಕೆಂಡದ ಬುಟ್ಟಿ. ಸಂದಿಯಿಂದ ಹನಿ ಬೀಳುತ್ತದೆಂದು ಅಕ್ಕ ಗೊಣಗಿದಳು. ರಸಾಯನಶಾಸ್ತ್ರ ಓದಿ ಬಿ.ಎಸ್ಸಿ. ಮುಗಿಸಿದ್ದ ನಾನು ಮಾಳಿಗೆ ಏರಿ, ಚೂರನ್ನು ಕಿತ್ತು ಜೇಬಿಗಿಳಿಸಿ, ಮುಚ್ಚಳದ ಸುತ್ತ ಕೆಸರು ಮೆತ್ತಿದೆ. ಮುಚ್ಚಿದ ಕೋಣೆಯಲ್ಲಿ ಕೆಂಡ ಎಂಥ ವಿಷಗಾಳಿ ಉಗುಳುತ್ತದೆಂದು ಪರೀಕ್ಷೆಯಲ್ಲಿ ಬರೆದು ಬಂದವನೂ ನಾನೇ. ಕೆಳಗಿಳಿದು ಚಹಾದ ಹೊತ್ತಾಯಿತೇ ಎಂದು ಗಡಿಯಾರ ನೋಡಿದೆ. ಮೂರೂ ಇಪ್ಪತ್ತು.

ನಾಲ್ಕೂವರೆಗೆ ಕಷಾಯ ಒಯ್ದ ಆಯಿ ಚೀರಿದಳು: "ನಿಮ್ಮಕ್ಕ ಏಳವಲ್ಲಳು! ಲೇ, ಮುಚ್ಚಳಾ ತಗೀ!"

ಮೇಲೇರಿ ಮುಚ್ಚಳ ಒದ್ದು ತೆಗೆದೆ. ಓಡಿಬಂದು ಅಕ್ಕನನ್ನು ಅಂಗಳಕ್ಕೆ ಎಳೆದೆ. ಮಳೆಯಲ್ಲಿ ಅವಳು ವಾಂತಿ ಮಾಡಿಕೊಂಡಳು. ಆಯಿಯ ಸೆರಗಿನಲ್ಲಿ ಕೂಸು ಮಾತ್ರ ಸುಮ್ಮನಿತ್ತು. ಆಯಿ ಅದರ ಅಂಗಾಲಿಗೆ ಬೆರಳಿನಿಂದ ಹೊಡೆದಳು. ಮತ್ತೆ ಹೊಡೆದಳು. ಆಮೇಲೆ ಅತ್ತಿತು. ಅಷ್ಟು ಒಳ್ಳೆಯ ಅಳು ನಾನು ಮತ್ತೆ ಕೇಳಿಲ್ಲ.

ಆಸ್ಪತ್ರೆಯಿಂದ ಇಬ್ಬರೂ ಗುಣವಾಗಿ ಬಂದ ಮೇಲೆ ಆಯಿ ಕೇಳಿದಳು: "ಇದನ್ನ ಕಾಲೇಜಿನ್ಯಾಗ ಕಲಿಸಿಲ್ಲೇನು?"

"ಕಲಿಸ್ಯಾರ ಆಯಿ."

"ಹಂಗಾದ್ರ ಅವರನ್ನ ಬೈಯಾಕೂ ಬರಂಗಿಲ್ಲ," ಎಂದು ನಿಟ್ಟುಸಿರಿಟ್ಟಳು.

ಅಂದಿನಿಂದ ಎಲ್ಲಿ ಮಲಗಿದರೂ ರಾತ್ರಿ ಎರಡು ಸಲ ಎದ್ದು ಕಿಟಕಿ ಮುಟ್ಟಿ ನೋಡುತ್ತೇನೆ. ಆಯಿ ಹೋದಳು, ಮಾಳಿಗೆಯೂ ಹೋಯಿತು. ಆ ಚಾಳಿ ಹೋಗಲಿಲ್ಲ.

ಸೋಮವಾರ ಅಕ್ಕ ತಾನೇ ಕೆಂಡದ ಬುಟ್ಟಿಯನ್ನು ಅಂಗಳಕ್ಕೆ ಒಯ್ದಿಟ್ಟಳು. ನಾನು ಜೇಬಿನಿಂದ ಹಂಚಿನ ಚೂರು ತೆಗೆದೆ.

"ಇನ್ನೂ ಇಟ್ಟೀಯೇನೋ ಹುಚ್ಚಪ್ಪಾ!" ಎಂದವಳು ಅದನ್ನು ಕಸಿದುಕೊಂಡು, ಸ್ಟೂಲು ಹತ್ತಿ, ಗೋಡೆಯ ಮೇಲ್ಭಾಗದ ಗಾಳಿಕಿಂಡಿಯ ಗಾಜು ಮುಚ್ಚದಂತೆ ಸಿಕ್ಕಿಸಿದಳು.

ಆ ರಾತ್ರಿ ಅಲ್ಲೇ ಮಲಗಿದೆ. ಕೂಸು ಮೂರು ಸಲ ಅತ್ತಿತಂತೆ. ನನಗೆ ಕೇಳಿಸಲೇ ಇಲ್ಲ.